ರೇಸ್ ಬಿಟ್ಟ ಕುದುರೆ ಹಾಲ್ಟರ್ ನೋಡಿದ ಕೂಡಲೇ ಬೆನ್ನು ತೋರಿಸಿ ಹೋಗುತ್ತೆ. ರೌಂಡ್ ಪೆನ್ ಮಾಡಿಸಲಾ?

ನೀವು ಕೇಳಿರುವುದು ಇಷ್ಟು: ರೇಸ್‌ನಿಂದ ಬಿಡಿಸಿದ 7 ವರ್ಷದ ಗೆಲ್ಡಿಂಗ್ (ಬೀಜ ಒಡೆಸಿದ ಗಂಡು ಕುದುರೆ) ತಂದಿದ್ದೀರಿ. ಮೇಲೆ ಹತ್ತಿದರೆ ತೊಂದರೆ ಇಲ್ಲ, ಆದರೆ ಪ್ಯಾಡಕ್‌ಗೆ (ಕುದುರೆ ಬಿಡುವ ಬೇಲಿ ಹಾಕಿದ ಬಯಲು) ಹಾಲ್ಟರ್ (ಹಿಡಿದು ನಡೆಸಲು ತಲೆಗೆ ಹಾಕುವ ಪಟ್ಟಿ) ಹಿಡಿದು ಹೋದರೆ ತಿರುಗಿ ನಡೆದುಬಿಡುತ್ತಾನೆ. ಯೂಟ್ಯೂಬ್‌ನಲ್ಲಿ ನ್ಯಾಚುರಲ್ ಹಾರ್ಸ್‌ಮನ್‌ಶಿಪ್ ಅಂತ, ಕುದುರೆಯ ಸ್ವಭಾವ ನೋಡಿ ಪಳಗಿಸುವ ಪದ್ಧತಿಯ ವಿಡಿಯೊ ನೋಡಿದ್ದೀರಿ, ರೌಂಡ್ ಪೆನ್ ಅನ್ನುವ ದುಂಡನೆ ಬೇಲಿಯೊಳಗೆ ಓಡಿಸಿದರೆ ಅರ್ಧ ಗಂಟೆಯಲ್ಲಿ ಕುದುರೆ ಹಿಂದೆ ಹಿಂದೆ ಬರುತ್ತಂತೆ. ಮಾಡಿಸಲಾ, ಬೇಡವಾ?

ಬೇಡ. ಕನಿಷ್ಠ ಈಗ ಬೇಡ. ನಾನೂ ಹೆಸರಘಟ್ಟದ ಕಡೆ ಒಂದು ಲಾಯದಲ್ಲಿ ರೇಸ್ ಬಿಟ್ಟ ಹೆಣ್ಣು ಕುದುರೆ ಇಟ್ಟುಕೊಂಡಿದ್ದೇನೆ, ಶುರುವಿನಲ್ಲಿ ಅವಳದ್ದೂ ಇದೇ ಆಟ. ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಡಾಕ್ಟರನ್ನು ಕರೆಸಿ. ಬಾಂಡಿಂಗ್ ಮಾತು ಆಮೇಲೆ. ರೇಸ್ ಲಾಯದಲ್ಲಿ ಕುದುರೆ ದಿನದ ಬಹುಪಾಲು ಬಾಕ್ಸ್ (ಲಾಯದ ಒಂಟಿ ಕೋಣೆ) ಒಳಗೇ ಇರುತ್ತೆ. ಬೆಳಗಿನ ಜಾವ ಟ್ರ್ಯಾಕ್ ಕೆಲಸ, ಆಮೇಲೆ ಓಟ್ಸು, ಹುರುಳಿ, ಬೂಸಾ ಅಂತ ಗಟ್ಟಿ ತಿಂಡಿ ಜಾಸ್ತಿ, ಹುಲ್ಲು ಕಡಿಮೆ. ಆದರೆ ಕುದುರೆಯ ಹೊಟ್ಟೆ ಇರುವುದು ದಿನಕ್ಕೆ 16 ಗಂಟೆಯವರೆಗೂ ಸ್ವಲ್ಪ ಸ್ವಲ್ಪವೇ ಮೇಯುವುದಕ್ಕೆ. ತಿನ್ನಲಿ ಬಿಡಲಿ, ಅಲ್ಲಿ ಆಸಿಡ್ ಬರುತ್ತಲೇ ಇರುತ್ತೆ. ಹಾಗಾಗಿ ಟ್ರೇನಿಂಗ್‌ನಲ್ಲಿರುವ ರೇಸ್ ಕುದುರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕುದುರೆಗಳಿಗೆ ಹೊಟ್ಟೆಯಲ್ಲಿ ಹುಣ್ಣು ಇರುತ್ತೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುತ್ತಾನಾ? ಬಾಲ ಜಾಡಿಸುತ್ತಾನಾ? ತೋಳಿನ ಕಡೆ ಹಲ್ಲು ತರುತ್ತಾನಾ? ಹಾಗಿದ್ದರೆ ಅದು ಕೊಬ್ಬು ಅಲ್ಲ, ನೋವು. ಹೊಟ್ಟೆಯ ಜೊತೆಗೆ ಹಲ್ಲು, ಬೆನ್ನು, ಗೊರಸು ನೋಡಿಸಿ, ಜೀನು ಬೆನ್ನಿಗೆ ಸರಿಯಾಗಿ ಕೂರುತ್ತಾ ಅಂತಲೂ ನೋಡಿಸಿ. 'ಮೇಲೆ ಹತ್ತಿದರೆ ತೊಂದರೆ ಇಲ್ಲ' ಅಂದಿರಲ್ಲ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಎರಡನೇ ವಯಸ್ಸಿಗೇ ಓಡಲು ಶುರು ಮಾಡಿದ ಕುದುರೆ ಅದು. ಬೆನ್ನ ಮೇಲೆ ಮನುಷ್ಯ ಕೂತ ಅಂದರೆ ಏನಾದರೂ ಆಗಲಿ ಮುಂದೆ ಹೋಗಬೇಕು ಅಂತ ಕಲಿತಿರುತ್ತೆ. ಬೇಡ ಅನ್ನಲು ಅದಕ್ಕೆ ಉಳಿದಿರುವ ಒಂದೇ ಜಾಗ ಪ್ಯಾಡಕ್.

ಇನ್ನು ರೌಂಡ್ ಪೆನ್ ವಿಷಯ. ನೀವು ನೋಡಿದ್ದು ಅಮೆರಿಕದ ಕುದುರೆ ತರಬೇತುದಾರ ಮಾಂಟಿ ರಾಬರ್ಟ್ಸ್ 'ಜಾಯಿನ್ ಅಪ್' ಅಂತ ಹೆಸರಿಟ್ಟು ಜನಪ್ರಿಯ ಮಾಡಿದ ಪದ್ಧತಿಯ ಯಾವುದೋ ಒಂದು ರೂಪ ಇರಬೇಕು. ಕುದುರೆಯನ್ನು ಸುತ್ತ ಓಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಒಳಬದಿಯ ಕಿವಿ ಮನುಷ್ಯನ ಕಡೆ ತಿರುಗುತ್ತೆ, ತಲೆ ಇಳಿಯುತ್ತೆ, ಬಾಯಿ ಚಪ್ಪರಿಸುತ್ತೆ. ಆಗ ಇವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ, ಕುದುರೆ ಹಿಂದೆ ಬರುತ್ತೆ, ನೋಡುವವರ ಕಣ್ಣಲ್ಲಿ ನೀರು. 2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಒಂದು ತಮಾಷೆಯ ಪ್ರಯೋಗ ಹೇಳಿಕೊಂಡರು. ಮನುಷ್ಯನ ಬದಲು ರಿಮೋಟ್ ಆಟಿಕೆ ಕಾರು ಬಿಟ್ಟು ಕುದುರೆಗಳನ್ನು ಓಡಿಸಿದರು, ಕುದುರೆ ಕಾರಿನ ಕಡೆ ತಿರುಗಿದಾಗ ಕಾರು ನಿಲ್ಲುತ್ತಿತ್ತು. ಕುದುರೆಗಳು ಕಾರನ್ನೂ ಹಿಂಬಾಲಿಸಿದವು! ಕಾರಿನ ಮೇಲೆ ಪ್ರೀತಿ ಹುಟ್ಟಿತು ಅಂತ ಯಾರೂ ಹೇಳಲ್ಲ ಅಲ್ವಾ? ಓಡಿಸುವುದು ನಿಂತಿತಲ್ಲ, ಅದಷ್ಟೇ ಅದಕ್ಕೆ ಬೇಕಾಗಿದ್ದು. ಬಾಯಿ ಚಪ್ಪರಿಸುವುದಕ್ಕೂ ಶರಣಾಗತಿ ಅಂತ ಅರ್ಥ ಕಟ್ಟಬೇಡಿ, ಗಾಬರಿಯಿಂದ ಇಳಿಯುವ ಹೊತ್ತಿನಲ್ಲಿ ಕುದುರೆ ಹಾಗೆ ಮಾಡುತ್ತೆ. ನಿಮ್ಮವನು ಜೀವನವಿಡೀ ಓಡಿಸಿಕೊಂಡೇ ಬಂದವನು. ಅವನನ್ನು ಇನ್ನೂ ಒಂದು ಸುತ್ತು ಓಡಿಸಿ ಸ್ನೇಹ ಮಾಡುತ್ತೇನೆ ಅನ್ನುವುದು ನನಗಂತೂ ಸರಿ ಕಾಣಲ್ಲ.

ಹಾಗಂತ ನ್ಯಾಚುರಲ್ ಹಾರ್ಸ್‌ಮನ್‌ಶಿಪ್ ಪೂರ್ತಿ ಬುರುಡೆ ಅಂತಲ್ಲ. ಇದರ ಮೂಲ ಪಶ್ಚಿಮ ಅಮೆರಿಕದ ದನದ ರಾಂಚ್‌ಗಳಲ್ಲಿದೆ. ಕಟ್ಟಿಹಾಕಿ, ಹತ್ತಿ ಕೂತು, ಸುಸ್ತಾಗಿ ಸೋಲುವ ತನಕ ಕುಣಿಸಿ ಪಳಗಿಸುವುದು ಅಲ್ಲಿ ಮಾಮೂಲಿ ಆಗಿದ್ದ ಕಾಲದಲ್ಲಿ ಬಿಲ್ ಡೊರನ್ಸ್, ಅವರ ತಮ್ಮ ಟಾಮ್ ಡೊರನ್ಸ್, ಅವರಿಂದ ಕಲಿತ ರೇ ಹಂಟ್ ಬೇರೆ ದಾರಿ ತೋರಿಸಿದರು. ರೇ ಹಂಟ್ ಹೇಳುತ್ತಿದ್ದುದರ ಸಾರ: ತಪ್ಪು ಕೆಲಸ ಕುದುರೆಗೆ ಕಷ್ಟ ಆಗಬೇಕು, ಸರಿ ಕೆಲಸ ಸುಲಭ ಆಗಬೇಕು. ಹಗ್ಗ ಎಳೆದಾಗ ಕುದುರೆ ಕಲಿಯುವುದಿಲ್ಲ, ಬಿಟ್ಟಾಗ ಕಲಿಯುತ್ತೆ. ಒಂದು ಹೆಜ್ಜೆ ಕೇಳಿದಿರಿ, ಅವನು ಇನ್ನೂ ಭಾರ ಮುಂದಕ್ಕೆ ಹಾಕಿದ್ದಾನೆ ಅಷ್ಟೇ, ಆಗಲೇ ನಿಮ್ಮ ಕೈ ಸಡಿಲ ಆಗಬೇಕು. ಇದು ಚಿನ್ನದಂಥ ಮಾತು. ಆಮೇಲೆ ಅಮೆರಿಕದ ಇನ್ನೊಬ್ಬ ತರಬೇತುದಾರ ಪ್ಯಾಟ್ ಪರೆಲ್ಲಿಯ 7 ಆಟಗಳು ಬಂದವು, ಅದಕ್ಕೊಂದು ಕೋಲು, ಒಂದು ಹಗ್ಗ, ಒಂದೊಂದು ಲೆವೆಲ್‌ಗೂ ಒಂದು ಕೋರ್ಸು. ಆಟಗಳಲ್ಲಿ ಕೆಲವು ಉಪಯೋಗಕ್ಕೆ ಬರುತ್ತವೆ. ಕೋಲಿನ ಬೆಲೆ ನೋಡಿ ನಾನು ಸುಮ್ಮನಾದೆ.

ಆದರೆ ಆ ವಿಡಿಯೊಗಳು ಹೇಳದ ಒಂದು ವಿಷಯ ಇದೆ. ಅಲ್ಲಿನ ಕುದುರೆಯ ಯಜಮಾನರಲ್ಲಿ ತುಂಬಾ ಜನ ಲದ್ದಿ ಎತ್ತುವುದೂ ತಾವೇ, ಹುಲ್ಲು ಹಾಕುವುದೂ ತಾವೇ. ಡೊರನ್ಸ್ ಅಂಥವರಂತೂ ದಿನವಿಡೀ ಕುದುರೆ ಜೊತೆಯಲ್ಲೇ ಇದ್ದವರು. ನಮ್ಮಲ್ಲಿ? ಹುಲ್ಲು, ಹುರುಳಿ, ನೀರು, ಮಾಲಿಶು, ಸ್ನಾನ, ಸಂಜೆ ಪ್ಯಾಡಕ್‌ಗೆ ಬಿಡುವುದು, ಎಲ್ಲ ಸಾಯ್ಸ್, ಅಂದರೆ ಕುದುರೆ ನೋಡಿಕೊಳ್ಳುವವರ ಕೆಲಸ. ನಾವು ಶನಿವಾರ ಭಾನುವಾರ ಬೂಟು ಹಾಕಿಕೊಂಡು ಬರುತ್ತೇವೆ, ಜೀನು ಕಟ್ಟಿ ರೆಡಿ ಮಾಡಿರುತ್ತಾರೆ, ಒಂದು ಗಂಟೆ ಓಡಿಸಿ, ಕತ್ತು ತಟ್ಟಿ, ಲಗಾಮು ಅವರ ಕೈಗೆ ಕೊಟ್ಟು ಮನೆಗೆ. ಅಂದರೆ ಕುದುರೆಯ ದಿನದಲ್ಲಿ ಒಳ್ಳೆಯದೆಲ್ಲ ಸಾಯ್ಸ್ ಜೊತೆ ನಡೆಯುತ್ತೆ, ದುಡಿಮೆ ಮಾತ್ರ ನಮ್ಮ ಜೊತೆ. ಭಾನುವಾರ ಬೆಳಿಗ್ಗೆ ಫೋನ್‌ನಲ್ಲಿ ಮ್ಯಾನೇಜರ್ ನಂಬರ್ ಕಂಡರೆ ನಮಗೆ ಏನಾಗುತ್ತೋ, ನಮ್ಮ ಕೈಲಿ ಹಾಲ್ಟರ್ ಕಂಡರೆ ಕುದುರೆಗೂ ಅದೇ ಆಗುತ್ತೆ. ನಿಮ್ಮ ಗೆಲ್ಡಿಂಗ್‌ಗೆ ಮನುಷ್ಯರ ಜೊತೆ ಬಾಂಡ್ ಇಲ್ಲ ಅಂತಲ್ಲ ಸ್ವಾಮಿ. ಇದೆ, ನಿಮ್ಮ ಜೊತೆ ಇಲ್ಲ.

ಒಂದು ಸಂಜೆ ಸುಮ್ನೆ ಕೂತು ನಿಮ್ಮ ಸಾಯ್ಸ್ ಅವನನ್ನು ಹೇಗೆ ಹಿಡಿಯುತ್ತಾರೆ ನೋಡಿ. ನಮ್ಮ ಲಾಯದವರು ಹಾಲ್ಟರನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ, ಟವೆಲ್ ತರಹ ಹೆಗಲ ಮೇಲೆ ಹಾಕಿಕೊಂಡಿರುತ್ತಾರೆ. ಕುದುರೆ ಕಡೆ ನೇರ ನಡೆಯಲ್ಲ. ಮೊದಲು ನೀರಿನ ತೊಟ್ಟಿ ಹತ್ತಿರ ಹೋಗಿ ಕಸ ತೆಗೆಯುತ್ತಾರೆ, ಬೇಲಿ ಗೂಟ ಅಲ್ಲಾಡಿಸುತ್ತಾರೆ, ಯಾರ ಮೇಲೋ ಗೊಣಗುತ್ತಾ ಇರುತ್ತಾರೆ. ಅಷ್ಟರಲ್ಲಿ ನನ್ನ ಕುದುರೆ ತಾನೇ ಬಂದು ಅವರ ಬೆನ್ನಿಗೆ ಮೂಗು ಒತ್ತುತ್ತಾಳೆ. ಹಾಲ್ಟರ್ ಅಗಲಿಸಿ ಹಿಡಿದರೆ ಮೂತಿ ತಾನೇ ಒಳಗೆ ತೂರಿಸುತ್ತಾಳೆ. ನ್ಯಾಚುರಲ್ ಹಾರ್ಸ್‌ಮನ್‌ಶಿಪ್ ಅನ್ನುವ ಹೆಸರನ್ನು ಅವರು ಕೇಳಿಯೂ ಇಲ್ಲ.

ಹಾಗಾಗಿ ನನ್ನ ಸಲಹೆ, ಸಾಯ್ಸ್ ಹತ್ತಿರ ಮಾತಾಡಿ ಒಂದೆರಡು ಕೆಲಸ ನಿಮ್ಮ ಕೈಗೆ ತೆಗೆದುಕೊಳ್ಳಿ. ಸಂಜೆಯ ಹುಲ್ಲು ನೀವು ಹಾಕಿ. ಗೊರಸು ನೀವು ಕ್ಲೀನ್ ಮಾಡಿ. ಅವರ ಕೆಲಸಕ್ಕೆ ಕತ್ತರಿ ಬೀಳಲ್ಲ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅವರಿಗೂ ಕಸಿವಿಸಿ.

ಪ್ಯಾಡಕ್‌ಗೆ ಹೋಗುವಾಗ ಮುಖದ ಕಡೆ ನೇರ ಹೋಗಬೇಡಿ, ಸ್ವಲ್ಪ ಸುತ್ತುಬಳಸಿ ಭುಜದ ಕಡೆ ಹೋಗಿ. ಕುದುರೆಗೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತೆ, ಕಾಣದಿರುವುದು ಹಣೆಯ ನೇರ ಮುಂದೆ ಸ್ವಲ್ಪ ಜಾಗ ಮತ್ತು ಬಾಲದ ಹಿಂದೆ. ಹಣೆ ಸವರಲು ನೇರ ಕೈ ಚಾಚಿದರೆ ಹತ್ತಿರ ಬಂದ ಹಾಗೆ ಆ ಕೈ ಅದರ ಕಣ್ಣಿಂದ ಮಾಯ ಆಗುತ್ತೆ. ಹಣೆಗೆ ಹಣೆ ಹಚ್ಚುವುದೆಲ್ಲ ಇನ್‌ಸ್ಟಾಗ್ರಾಂ ಫೋಟೊಗೆ ಇರಲಿ.

ದೂರದಿಂದಲೇ ಅವನ ದವಡೆ ನೋಡುತ್ತಾ ಹೋಗಿ. ಹುಲ್ಲು ಅಗಿಯುತ್ತಿರುವವನು ಯಾವುದೋ ಒಂದು ಹೆಜ್ಜೆಗೆ ಅಗಿಯುವುದು ನಿಲ್ಲಿಸುತ್ತಾನೆ. ನಿಮ್ಮ ಕಡೆಯ ಕಿವಿ ತಿರುಗುತ್ತೆ, ಕಣ್ಣಿನ ಮೇಲೆ ಒಂದು ಸುಕ್ಕು ಬೀಳುತ್ತೆ. ಅಲ್ಲೇ ನಿಲ್ಲಿ. ಆ ಗೆರೆ ದಾಟಿದರೆ ಅವನು ಹೊರಡುತ್ತಾನೆ. ಉಸಿರು ಬಿಡಿ, ಒಂದು ಹೆಜ್ಜೆ ಹಿಂದೆ ಇಡಿ, ಬೇರೆಲ್ಲೋ ನೋಡಿ. ಅವನು ಮತ್ತೆ ಅಗಿಯಲು ಶುರು ಮಾಡಿದ ಮೇಲೆ ಇನ್ನೊಂದು ಹೆಜ್ಜೆ. ಬೇಡ ಅಂದಿದ್ದು ನಿಮಗೆ ಕೇಳಿಸಿತು ಅಂತ ಅವನಿಗೆ ಗೊತ್ತಾಗಬೇಕು, ರೇ ಹಂಟ್ ಹೇಳಿದ ಆ ಸಡಿಲ ಇಲ್ಲಿಂದಲೇ ಶುರು. ಮೊದಲ ದಿನಗಳಲ್ಲಿ ಹತ್ತಿರ ಹೋಗದೇ ವಾಪಸ್ ಬಂದರೂ ನಷ್ಟ ಇಲ್ಲ.

ಹತ್ತಿರ ಸೇರಿಸಿಕೊಂಡಾಗ ಕತ್ತು ತಟ್ಟಬೇಡಿ, ಕೆರೆಯಿರಿ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಉಬ್ಬು ಇದೆಯಲ್ಲ, ಅಲ್ಲಿ. ಕುದುರೆಗಳು ಒಂದಕ್ಕೊಂದು ಹಲ್ಲಿನಲ್ಲಿ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತೆ ಅಂತ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ಅಳೆದು 1993ರಲ್ಲೇ ಬರೆದಿದ್ದಾರೆ. ಸರಿಯಾದ ಜಾಗ ಸಿಕ್ಕಿತಾ ಅಂತ ಮೇಲ್ದುಟಿ ಹೇಳುತ್ತೆ: ಉದ್ದ ಆಗುತ್ತೆ, ಸೊಟ್ಟ ಆಗುತ್ತೆ, ನಡುಗಲು ಶುರು ಆಗುತ್ತೆ, ಕತ್ತು ಮುಂದಕ್ಕೆ ಚಾಚಿಕೊಳ್ಳುತ್ತೆ. ಖುಷಿಯಲ್ಲಿ ಅವನೂ ನಿಮ್ಮ ಬೆನ್ನು ಕೆರೆಯಲು ಬರಬಹುದು, ಆ ಹಲ್ಲಿನ ಪ್ರೀತಿ ನಮಗೆ ತಡೆಯಲ್ಲ, ಮೂತಿಯನ್ನು ಮೆಲ್ಲಗೆ ಆಚೆ ತಿರುಗಿಸಿ. ಅವನಿಗೆ ಸಾಕಾಗುವ ಮೊದಲು ನೀವೇ ಹೊರಟುಬಿಡಿ. ಕೆಲವು ದಿನ ಹಾಲ್ಟರ್ ಹಾಕಿ, ತೆಗೆದು, ಅಷ್ಟಕ್ಕೇ ಬಂದುಬಿಡಿ. ಹಾಲ್ಟರ್ ಅಂದರೆ ಪ್ರತಿ ಸಲ ದುಡಿಮೆ ಅಲ್ಲ ಅಂತ ಅವನ ಲೆಕ್ಕ ಬದಲಾಗಲಿ.

ತಿಂಡಿ ಕೊಡಬಾರದು, ಕಚ್ಚುವುದು ಕಲಿಯುತ್ತೆ ಅಂತ ನಿಮಗೆ ಹತ್ತು ಜನ ಹೇಳುತ್ತಾರೆ. ನಾನು ಕೊಡುತ್ತೇನೆ. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದವರು ಎಳೆಯ ಕುದುರೆಗಳಿಗೆ ತಿಂಡಿ ಕೊಟ್ಟು ಪಾಠ ಮಾಡಿದಾಗ ಅವು ಬೇಗ ಕಲಿತವು, ತಿಂಗಳುಗಳ ಮೇಲೂ ಮನುಷ್ಯರ ಹತ್ತಿರ ತಾವಾಗಿಯೇ ಬಂದವು. ಜೇಬು ಮೂಸುವಾಗ ಕೊಟ್ಟರೆ ಜೇಬು ಮೂಸುವುದು ಕಲಿಯುತ್ತೆ, ಮುಖ ನೇರ ಇಟ್ಟು ನಿಂತಾಗ ಕೊಟ್ಟರೆ ಅದನ್ನು ಕಲಿಯುತ್ತೆ. ಕ್ಯಾರೆಟನ್ನು ಬಿಲ್ಲೆ ಬಿಲ್ಲೆ ಹೆಚ್ಚಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಉದ್ದುದ್ದ ಸೀಳಿ. ಬೆಲ್ಲ ಅಪರೂಪಕ್ಕೆ ಸಾಕು.

ಕುದುರೆಗೆ ಇಷ್ಟ ಕಷ್ಟ ಕೇಳುವುದೆಲ್ಲ ಅತಿಯಾಯಿತು ಅಂತ ಯಾರಾದರೂ ನಕ್ಕರೆ ನಾರ್ವೆಯ ಕಥೆ ಹೇಳಿ. 2016ರಲ್ಲಿ ಪ್ರಕಟವಾದ ಕೆಲಸ ಅದು. 23 ಕುದುರೆಗಳಿಗೆ ಮೂರು ಹಲಗೆ ತೋರಿಸಿ ಅಭ್ಯಾಸ ಮಾಡಿಸಿದರು: ಒಂದು ಕಂಬಳಿ ಹೊದಿಸಿ ಅಂತ, ಒಂದು ತೆಗೆಯಿರಿ ಅಂತ, ಒಂದು ಹಾಗೇ ಇರಲಿ ಅಂತ. ಎಲ್ಲವೂ ಕಲಿತವು. ಬಿಸಿಲಿದ್ದಾಗ ತೆಗೆಯಿರಿ ಅನ್ನುವ ಹಲಗೆಗೆ, ಮಳೆ ಚಳಿ ಇದ್ದಾಗ ಹೊದಿಸಿ ಅನ್ನುವುದಕ್ಕೆ ಮೂಗು ಮುಟ್ಟಿಸಿದವು.

ಗಟ್ಟಿಯಾಗಿ ನಿಲ್ಲಬೇಕಾದ ಕಡೆ ನಿಲ್ಲಿ, ಅದು ಬೇರೆ ಮಾತು. ಭುಜದಲ್ಲಿ ನೂಕಿಕೊಂಡು ಮೈಮೇಲೆ ಬಂದರೆ ಹಿಂದೆ ಸರಿಸಿ, ಪ್ರತಿ ಸಲವೂ ಒಂದೇ ರೀತಿ, ಸಿಟ್ಟಿಲ್ಲದೆ. ಸುಮಾರು ಅರ್ಧ ಟನ್ ತೂಕದ ಪ್ರಾಣಿ, ಬಾಂಡ್ ಇದೆ ಅಂತ ಕಾಲು ತುಳಿಯುವುದು ಬಿಡಲ್ಲ. ಹೆದರುವ ವಸ್ತುಗಳಿಗೂ ಅಷ್ಟೇ, ಪ್ಲಾಸ್ಟಿಕ್ ಕವರ್ ತಂದು ಒಂದೇ ಸಲ ಮೈಮೇಲೆ ಸವರಬೇಡಿ. ಮೈಸೂರಿನಲ್ಲಿ ದಸರಾ ಆನೆ ಕುದುರೆಗಳಿಗೆ ಕುಶಾಲತೋಪಿನ ಸದ್ದು ಹಬ್ಬದ ದಿನವೇ ಮೊದಲ ಸಲ ಕೇಳಿಸಲ್ಲ, ಮುಂಚೆಯೇ ತಾಲೀಮು ಇರುತ್ತೆ.

ಒಂದು ಮಾತು ನಿಮ್ಮ ಪ್ರಶ್ನೆಯಲ್ಲಿ ಇಲ್ಲ: ಅವನು ದಿನಕ್ಕೆ ಎಷ್ಟು ಹೊತ್ತು ಹೊರಗಿರುತ್ತಾನೆ, ಪ್ಯಾಡಕ್‌ನಲ್ಲಿ ಜೊತೆಗೆ ಬೇರೆ ಕುದುರೆ ಇದೆಯಾ? ಒಂಟಿಯಾಗಿ ಒಂದೇ ಗಂಟೆ ಬಿಡುತ್ತಿದ್ದರೆ, ಆ ಗಂಟೆಯಲ್ಲಿ ನೀವು ಹಾಲ್ಟರ್ ಹಿಡಿದು ಬಂದಾಗ ನಾನಾಗಿದ್ದರೂ ಬೆನ್ನು ತೋರಿಸುತ್ತಿದ್ದೆ. ಅದನ್ನು ಬರೆಯಿರಿ, ಆಮೇಲೆ ಮುಂದಿನದು ನೋಡೋಣ.