ಬ್ಯಾಟರಿ ಪೂರ್ತಿ ಇಳಿಯುವ ಮುಂಚೆ ತಾನೇ ಆಫ್ ಆಗುವ ಸ್ವಿಚ್

ಪ್ರಶ್ನೆ: ನಮಸ್ಕಾರ ಸರ್. ನಾನು ಮಿನಿ ಗೂಡ್ಸ್ ಗಾಡಿಯಲ್ಲಿ ಸಂತೆಗಳಿಗೆ ತರಕಾರಿ ಒಯ್ಯುತ್ತೇನೆ. ಸಂಜೆ ಎರಡು ಎಲ್‌ಇಡಿ ದೀಪ, ಒಂದು ಮೈಕ್ ಸೆಟ್, ಎರಡೂ ಗಾಡಿಯ ಬ್ಯಾಟರಿಯಿಂದಲೇ. ಎಲ್ಲಾ ಸೇರಿ 70 ವ್ಯಾಟ್. ವ್ಯಾಪಾರದ ಗಡಿಬಿಡಿಯಲ್ಲಿ ಗೊತ್ತಾಗುವುದಿಲ್ಲ, ಹೊರಡುವಾಗ ಕೀ ತಿರುಗಿಸಿದರೆ ಬರೀ ಟಕ್ ಅನ್ನುತ್ತೆ. ಈ ತಿಂಗಳು ಮೂರು ಸಲ ತಳ್ಳಿಸಿ ಸ್ಟಾರ್ಟ್ ಮಾಡಿದೆ. ವೋಲ್ಟೇಜ್ ಇಳಿದರೆ ತಾನೇ ಆಫ್ ಮಾಡುವ ಸ್ವಿಚ್ ಸಿಗುತ್ತಾ, ಅಥವಾ ಮಾಡಿಕೊಳ್ಳಬಹುದಾ? ಬ್ಯಾಟರಿ 50 ಎಎಚ್ (ಆಂಪಿಯರ್-ಅವರ್).
– ಓದುಗರು, ತಿಪಟೂರು

ಉತ್ತರ: ಸಿಗುತ್ತೆ. ‘ಲೋ ವೋಲ್ಟೇಜ್ ಡಿಸ್‌ಕನೆಕ್ಟ್’ ಅಂತ ಕೇಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನೋಡಬಹುದು, ಆನ್‌ಲೈನಿನಲ್ಲೂ ಬೋರ್ಡುಗಳಿವೆ.

ಮೊದಲು ಲೆಕ್ಕ ನೋಡಿ. 70 ವ್ಯಾಟ್ ಅಂದರೆ ಹತ್ತಿರ ಹತ್ತಿರ 6 ಆಂಪಿಯರ್. ನಾಲ್ಕು ಗಂಟೆ ಉರಿಸಿದರೆ 24 ಎಎಚ್, ಹೊಸ ಬ್ಯಾಟರಿಯಾದರೂ ಅರ್ಧ ಖಾಲಿ. ಗಾಡಿ ಬ್ಯಾಟರಿ ಮಾಡಿರುವುದು ಸ್ಟಾರ್ಟರಿಗೆ ಕೆಲವೇ ಸೆಕೆಂಡು ನೂರಕ್ಕೂ ಜಾಸ್ತಿ ಆಂಪಿಯರ್ ಕೊಡುವುದಕ್ಕೆ, ಇನ್ವರ್ಟರ್ ಬ್ಯಾಟರಿ ಥರ ಗಂಟೆಗಟ್ಟಲೆ ಹಿಂಡುವುದಕ್ಕಲ್ಲ. ಪದೇ ಪದೇ ಹೀಗೆ ಇಳಿಸಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ.

ಲೋಡ್ ಇಲ್ಲದೆ ಕೆಲವು ಗಂಟೆ ಸುಮ್ನೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಫುಲ್, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ದೀಪ ಉರಿಯುವಾಗ ಒಂದೆರಡು ಪಾಯಿಂಟ್ (0.1–0.2 ವೋಲ್ಟ್) ಕಡಿಮೆಯೇ ಕಾಣುತ್ತದೆ. ಹಾಗಾಗಿ ನೀವು 12.0ಕ್ಕೆ ಕಟ್ ಆಗುವ ಹಾಗೆ ಇಡಿ. ಸೋಲಾರ್ ಕಂಟ್ರೋಲರಿನ ಲೋಡ್ ಕಡೆಗೆ ಹಾಕಿದರೆ ಸಾಕಲ್ವಾ ಅಂತ ಕೆಲವರು ಹೇಳುತ್ತಾರೆ. ಅವು ಸಾಮಾನ್ಯವಾಗಿ 11ರ ಹತ್ತಿರ ಕಟ್ ಮಾಡುತ್ತವೆ, ಅಷ್ಟು ಹೊತ್ತಿಗೆ ನಿಮ್ಮ ಗಾಡಿ ತಳ್ಳುವ ಸ್ಥಿತಿಗೆ ಬಂದಿರುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು, ಸ್ವಿಚ್ಚಿಗೆ ಒಂದು ವೋಲ್ಟೇಜ್ ಸಾಲದು, ಎರಡು ಬೇಕು. 12.0ಕ್ಕೆ ದೀಪ ಆರಿತು ಅನ್ನಿ. ಭಾರ ಇಳಿದ ತಕ್ಷಣ ಬ್ಯಾಟರಿ 12.2ಕ್ಕೆ ಏರುತ್ತದೆ, ಸ್ವಿಚ್ ಮತ್ತೆ ಆನ್, ಮತ್ತೆ 12.0, ಮತ್ತೆ ಆಫ್. ಒಳಗಿನ ರಿಲೇ, ಅಂದರೆ ಕಾಯಿಲಿಗೆ ಕರೆಂಟ್ ಕೊಟ್ಟಾಗ ಸೇರುವ ಸ್ವಿಚ್, ಟಕಟಕ ಅಂತ ಕುಣಿದು ಅದರ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ಮನೆ ಮೇಲಿನ ಟ್ಯಾಂಕಿನ ಆಟೊ ಸ್ವಿಚ್ ನೋಡಿ, ಅರ್ಧ ಇಂಚು ನೀರು ಇಳಿದ ಕೂಡಲೇ ಮೋಟಾರ್ ಹಾಕುವುದಿಲ್ಲ, ತಳಕ್ಕೆ ಬರುವ ತನಕ ಕಾಯುತ್ತದೆ. ಇಲ್ಲಿಯೂ ಹಾಗೆ, ಕಟ್ 12.0ಕ್ಕೆ, ವಾಪಸ್ ಆನ್ 13ರ ಮೇಲೆ, ಅಂದರೆ ಎಂಜಿನ್ ಓಡಿ ಚಾರ್ಜ್ ಆಗುವಾಗ ಮಾತ್ರ. ಎರಡನ್ನೂ ಬೇರೆ ಬೇರೆ ಸೆಟ್ ಮಾಡಲು ಬರುವ ಬೋರ್ಡನ್ನೇ ಕೊಳ್ಳಿ. ಮೈಕ್ ಜೋರಾದಾಗ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ, ಅದಕ್ಕೆಲ್ಲಾ ಕಟ್ ಆಗದ ಹಾಗೆ ಕೆಲವು ಸೆಕೆಂಡು ಕಾಯುವ ಸೆಟ್ಟಿಂಗ್ ಇದ್ದರೆ ಇನ್ನೂ ಒಳ್ಳೆಯದು.

ಬೆಸುಗೆ ಹಾಕುವ ಅಭ್ಯಾಸ ಇದ್ದರೆ ಮಾಡಿಕೊಳ್ಳಬಹುದು. ಎಲ್‌ಎಂ393 ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಐಸಿ), 2.5 ವೋಲ್ಟಿನ ಅಳತೆಗೋಲಾಗಿ ಟಿಎಲ್431. ಬ್ಯಾಟರಿ ಕಡೆಯಿಂದ 33ಕೆ ರೆಸಿಸ್ಟರ್, ಅದರ ಜೊತೆ ಸಾಲಾಗಿ 10ಕೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್), ಕೆಳಗೆ ಗ್ರೌಂಡಿಗೆ 10ಕೆ. ಪ್ರಿಸೆಟ್ ನಡುವಿಗೆ ಬಂದಾಗ 12.0 ವೋಲ್ಟು ಸರಿಯಾಗಿ 2.5 ಆಗುತ್ತದೆ. ಔಟ್‌ಪುಟ್‌ನಿಂದ ಪ್ಲಸ್ ಇನ್‌ಪುಟ್ಟಿಗೆ ಒಂದು ದೊಡ್ಡ ರೆಸಿಸ್ಟರ್ ಹಾಕಿದರೆ ಆ ಎರಡು ವೋಲ್ಟೇಜಿನ ಅಂತರ ಸಿಗುತ್ತದೆ. ಆ ರೆಸಿಸ್ಟರಿನ ಓಮ್ ಕಡಿಮೆ ಮಾಡಿದಷ್ಟೂ ಅಂತರ ಜಾಸ್ತಿ, ಹಾಗಾಗಿ ಅದನ್ನು ಹಾಕಿದ ಮೇಲೇ ಪ್ರಿಸೆಟ್ ತಿರುಗಿಸಿ. ಟ್ರಾನ್ಸಿಸ್ಟರಿನ ಮೂಲಕ ಗಾಡಿಯ 30 ಆಂಪಿಯರ್ ರಿಲೇ, ಅದರ ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್. ರಿಲೇ ಆನ್ ಇರುವಷ್ಟು ಹೊತ್ತೂ ಕಾಯಿಲ್ ಸುಮಾರು 0.15 ಆಂಪಿಯರ್ ಎಳೆಯುತ್ತದೆ. ರಾತ್ರಿ ದೀಪದ ಸ್ವಿಚ್ ಮಾತ್ರ ಆರಿಸಿ ಮಲಗಿದರೆ ಇದು ತಿನ್ನುತ್ತಲೇ ಇರುತ್ತದೆ, ಹಾಗಾಗಿ ಬೋರ್ಡಿಗೂ ಮುಂಚೆ ಒಂದು ಮೇನ್ ಸ್ವಿಚ್ ಇರಲಿ.

ನಾನು ನನ್ನ ಹಳೇ ಜೀಪಿಗೆ ಮೊದಲ ಸಲ ಹಾಕಿದಾಗ ಬ್ಯಾಟರಿ ಫುಲ್ ಇದ್ದರೂ ದೀಪ ಆರುತ್ತಿತ್ತು. ಮೀಟರ್ ಹಿಡಿದರೆ ಬ್ಯಾಟರಿ ಕಂಬದಲ್ಲಿ 12.5, ಬೋರ್ಡಿನಲ್ಲಿ 11.9. ದೀಪದ ಕರೆಂಟೂ ಅಳತೆಯೂ ಒಂದೇ ಸಣ್ಣ ವೈರಿನಲ್ಲಿ ಹೋಗುತ್ತಿತ್ತು, ವೈರ್ ಮುಟ್ಟಿದರೆ ಬೆಚ್ಚಗೆ. ಅಳತೆಗೆ ಬೇರೆ ವೈರು, ನೇರ ಬ್ಯಾಟರಿಯಿಂದ ಎಳೆದ ಮೇಲೆ ಸರಿಹೋಯಿತು. ದೀಪದ ವೈರ್ 2.5 ಸ್ಕ್ವೇರ್ ಎಂಎಂ ಹಾಕಿ. ಬ್ಯಾಟರಿ ಪ್ಲಸ್ಸಿನ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್, ಅಳತೆ ವೈರಿಗೆ 1 ಆಂಪಿಯರಿಂದು, ಇವನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಎರಡನೇ ಬ್ಯಾಟರಿ ಚಾರ್ಜ್ ಮಾಡಲು ವೋಲ್ಟೇಜ್ ನೋಡಿ ಆನ್ ಆಗುವ ರಿಲೇಯನ್ನು ಹೊಸ ಬಿಎಸ್6 ಕಾರಿಗೆ ಹಾಕಬಹುದೇ?
– ಓದುಗರು, ಶಿರಸಿ

ಉತ್ತರ: ಮೊದಲು ಮೀಟರ್ ಹಾಕಿ ಒಂದು ದಿನ ಓಡಿಸಿ ನೋಡಿ. ಅಂಥ ರಿಲೇ ಸಾಮಾನ್ಯವಾಗಿ 13.3ಕ್ಕೆ ಸೇರಿಸಿ 12.8ಕ್ಕೆ ಬಿಡಿಸುತ್ತದೆ. ಹಳೇ ಗಾಡಿ ಓಡುವಾಗ 14ರ ಆಸುಪಾಸಿನಲ್ಲೇ ಇರುವುದರಿಂದ ತೊಂದರೆ ಇಲ್ಲ. ಹೊಸ ಕಾರುಗಳಲ್ಲಿ ಹಲವು, ಡೀಸೆಲ್ ಪೆಟ್ರೋಲ್ ಉಳಿಸಲು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೇ ನಡುನಡುವೆ ತಗ್ಗಿಸುತ್ತವೆ. ಎಂಜಿನ್ ಓಡುತ್ತಿದ್ದರೂ 12.5 ತೋರಿಸಿದರೆ ಈ ರಿಲೇ ಬೇಡ, ಇಗ್ನಿಷನ್ ವೈರಿನಿಂದ ಆನ್ ಆಗುವ ಡಿಸಿ-ಡಿಸಿ ಚಾರ್ಜರ್ (ಕಡಿಮೆ ವೋಲ್ಟೇಜನ್ನೂ ಏರಿಸಿ ಚಾರ್ಜ್ ಮಾಡುವಂಥದ್ದು) ತೆಗೆದುಕೊಳ್ಳಿ. ದುಡ್ಡು ಜಾಸ್ತಿ, ಆದರೆ ಎರಡನೇ ಬ್ಯಾಟರಿ ನಿಜವಾಗಿ ಫುಲ್ ಆಗುತ್ತದೆ.