ವಿತಂಡವಾದಕ್ಕೂ ಮೊಂಡುವಾದಕ್ಕೂ ಏನು ವ್ಯತ್ಯಾಸ?

ಎರಡೂ ಒಂದೇ ಅಲ್ಲ. ಮೊಂಡುವಾದ ಮಾಡುವವರಿಗೆ ತಮ್ಮದೇ ಒಂದು ನಿಲುವು ಇರುತ್ತದೆ, ಎಷ್ಟೇ ಪುರಾವೆ ಕೊಟ್ಟರೂ ಅದನ್ನು ಬಿಡುವುದಿಲ್ಲ. ವಿತಂಡವಾದಿಗಳು ತಮ್ಮ ನಿಲುವು ಏನು ಅಂತ ಹೇಳುವುದೇ ಇಲ್ಲ, ಎದುರಿನವರು ಹೇಳಿದ್ದನ್ನೆಲ್ಲ ಸುಮ್ನೆ ಕೆಡವುತ್ತಾ ಹೋಗುತ್ತಾರೆ.

ತರ್ಕದ ಬಗೆಗಿನ ಹಳೆಯ ಗ್ರಂಥವಾದ ಗೌತಮ ಮುನಿಗಳ ನ್ಯಾಯಸೂತ್ರದಲ್ಲೇ ಚರ್ಚೆಗಳ ವಿಂಗಡಣೆ ಇದೆ. ನಿಜ ತಿಳಿಯಲು ನಡೆಸುವ ಚರ್ಚೆ ವಾದ, ಮಾತು ತಿರುಚಿಯಾದರೂ ಗೆಲ್ಲಲೇಬೇಕು ಅಂತ ಹೊರಟರೆ ಜಲ್ಪ, ಆ ಜಲ್ಪದಲ್ಲಿ ಸ್ವಂತ ನಿಲುವನ್ನೇ ಮುಂದಿಡದಿದ್ದರೆ ಅದು ವಿತಂಡ. ನಿಲುವೇ ಇಡದವರನ್ನು ಸೋಲಿಸುವುದು ಹೇಗೆ, ಅಲ್ವಾ? ಅದಕ್ಕೇ ಇದು ಜಾಸ್ತಿ ಸುಸ್ತು ಮಾಡುತ್ತದೆ.

ಅನುಮಾನ ಬಂದರೆ ‘ನಿಮ್ಮ ಪ್ರಕಾರ ಸರಿ ಯಾವುದು?’ ಅಂತ ಕೇಳಿ ನೋಡಿ. ಆದರೆ ಪ್ರಶ್ನೆ ಕೇಳಿದವರನ್ನೆಲ್ಲ ವಿತಂಡವಾದಿ ಅನ್ನಬೇಡಿ, ನಿಜವಾಗಿ ತಿಳಿಯಬೇಕು ಅಂತ ಕೇಳುವವರೂ ಇರುತ್ತಾರೆ.