ಊರು ಬದಲಾಗುತ್ತಿದೆ, ಮಗುವಿಗೆ ಯಾವ ಶಾಲೆ?

ಬೆಂಗಳೂರಿಗೆ ಮನೆ ಬದಲಿಸುತ್ತಿರುವ ಐವರು ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲರದೂ ಪುಟ್ಟ ಮಕ್ಕಳು, ಎಲ್ಲರೂ ನೋಡುತ್ತಿರುವುದು ಖಾಸಗಿ ಶಾಲೆ.

ಪ್ರಶ್ನೆ: ನಮ್ಮ ಯಜಮಾನರಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸವಾಗಿದೆ. ಮಗಳನ್ನು ಜೂನ್‌ಗೆ ಎಲ್‌ಕೆಜಿಗೆ ಸೇರಿಸಬೇಕು. ಮೈದುನನ ಮನೆ ವಿಜಯನಗರದಲ್ಲಿದೆ, ಅಲ್ಲೇ ಹತ್ತಿರ ಮನೆ ಮಾಡಿ ಎನ್ನುತ್ತಿದ್ದಾರೆ. ಮೊದಲು ಮನೆ ಹಿಡಿಯಬೇಕೋ, ಶಾಲೆ ನೋಡಬೇಕೋ?
– ಗೃಹಿಣಿ, ದಾವಣಗೆರೆ

ಉತ್ತರ: ಏರಿಯಾ ಮೊದಲು, ಶಾಲೆ ಆಮೇಲೆ, ಮನೆಗೆ ಅಡ್ವಾನ್ಸ್ ಕೊಡುವುದು ಕೊನೆಗೆ. ಬಹಳ ಜನ ತಿರುಗುಮುರುಗಾಗಿ ಮಾಡಿ, ಮನೆ ಒಂದು ಕಡೆ ಶಾಲೆ ಇನ್ನೊಂದು ಕಡೆ ಆಗಿ, ನಾಲ್ಕು ವರ್ಷದ ಮಗುವನ್ನು ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕೂರಿಸುತ್ತಾರೆ.

ನಿಮ್ಮ ಮೈದುನ ಹೇಳಿದ ಮಾತು ನಮಗೆ ಸರಿ ಕಾಣುತ್ತದೆ. ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವಿಜಯನಗರ, ಮೆಜೆಸ್ಟಿಕ್ ಹಾದು ವೈಟ್‌ಫೀಲ್ಡ್ ಕಾಡುಗೋಡಿಯವರೆಗೆ ಒಂದೇ ರೈಲು. ನಿಮ್ಮವರು ಒಂದು ಗಂಟೆಗಿಂತ ಹೆಚ್ಚು ಪ್ರಯಾಣ ಮಾಡಬೇಕಾದೀತು, ಆದರೆ ಟ್ರಾಫಿಕ್ ಇಲ್ಲದ ಪ್ರಯಾಣ. ಮಗುವಿಗೆ ಆ ಅನುಕೂಲವಿಲ್ಲ. ಅದು ರಸ್ತೆಯಲ್ಲೇ ಹೋಗಬೇಕು, ಅದಕ್ಕೇ ಅದರ ದೂರ ಕಡಿಮೆಯಿರಲಿ. ಜ್ವರ ಬಂದ ದಿನ ಶಾಲೆಯಿಂದ ಫೋನ್ ಬಂದರೆ ಹತ್ತು ನಿಮಿಷದಲ್ಲಿ ಹೋಗಿ ಕರೆತರಲು ಚಿಕ್ಕಪ್ಪ, ಚಿಕ್ಕಮ್ಮ ಹತ್ತಿರದಲ್ಲಿರುವುದು ಸಣ್ಣ ವಿಷಯವಲ್ಲ.

ವಿಜಯನಗರದಿಂದ ಮೂರು ಕಿಲೋಮೀಟರ್ ಒಳಗೆ ಮೂರು ಶಾಲೆ ಗುರುತು ಹಾಕಿಕೊಳ್ಳಿ. ದೂರವನ್ನು ಭಾನುವಾರ ಅಳೆಯಬೇಡಿ. ಶಾಲೆ ನಡೆಯುತ್ತಿರುವ ಒಂದು ಮಂಗಳವಾರವೋ ಬುಧವಾರವೋ, ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೆ ಆಟೋದಲ್ಲಿ ಹೋಗಿ ನೋಡಿ, ಶಾಲೆ ಬಿಡುವ ಹೊತ್ತಿಗೆ ವಾಪಸ್ ಬನ್ನಿ. ಈ ವಯಸ್ಸಿಗೆ ಒಂದು ಕಡೆಗೆ ಅರ್ಧ ಗಂಟೆ ಮೀರಬಾರದು ಎಂಬುದು ನಮ್ಮ ಲೆಕ್ಕ. ಶಾಲಾ ಬಸ್ಸಾದರೆ ದೂರ ಕೇಳಿದರೆ ಸಾಲದು, ‘ನಮ್ಮ ಸ್ಟಾಪ್ ಎಷ್ಟನೆಯದು?’ ಎಂದು ಕೇಳಿ. ಮೊದಲು ಹತ್ತುವ ಮಗು ಇಡೀ ಬಡಾವಣೆ ಸುತ್ತಿ ಶಾಲೆ ಸೇರುತ್ತದೆ. ನಾಲ್ಕು ಕಿಲೋಮೀಟರ್ ದೂರಕ್ಕೆ ಐವತ್ತು ನಿಮಿಷ ಹಿಡಿಯುವುದು ಹೀಗೇ.

ಖಾಸಗಿ ವ್ಯಾನ್ ಗೊತ್ತು ಮಾಡುವುದಾದರೆ ನಂಬರ್ ಪ್ಲೇಟ್ ನೋಡಿ. ಹಳದಿ ಬೋರ್ಡ್ ಇರಲೇಬೇಕು. ಬಿಳಿ ಬೋರ್ಡ್ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಸಾಗಿಸುವುದು ಕಾನೂನುಬಾಹಿರ, ಅಪಘಾತವಾದರೆ ವಿಮಾ ಕಂಪನಿ ಅದನ್ನೇ ಮುಂದಿಟ್ಟು ತಕರಾರು ತೆಗೆಯುತ್ತದೆ. ಡ್ರೈವರ್ ಜೊತೆಗೆ ಒಬ್ಬ ಆಯಾ ಇದ್ದಾರೆಯೇ, ಕೊನೆಯ ಮಗು ಇಳಿಯುವವರೆಗೂ ಇರುತ್ತಾರೆಯೇ ಎಂದು ವಿಚಾರಿಸಿ.

ಇನ್ನೊಂದು ವಿಷಯ. ಶಾಲೆಗಳಲ್ಲಿ ಹೆಚ್ಚು ಸೀಟು ಇರುವುದು ಎಲ್‌ಕೆಜಿ ಹಂತದಲ್ಲಿ. ಒಂದನೇ ಕ್ಲಾಸಿಗೆ ಯುಕೆಜಿ ಮಕ್ಕಳೇ ಮುಂದೆ ಹೋಗುವುದರಿಂದ, ಯಾರಾದರೂ ಬಿಟ್ಟುಹೋದರೆ ಮಾತ್ರ ಜಾಗ. ಹಾಗಾಗಿ ಒಂದನೇ ಕ್ಲಾಸ್ ಇಲ್ಲದ ಪ್ಲೇಸ್ಕೂಲಿಗೆ ಹಾಕಿದರೆ ಎರಡು ವರ್ಷದಲ್ಲಿ ಮತ್ತೆ ಇದೇ ಹುಡುಕಾಟ. ಹೆಸರಿರುವ ಶಾಲೆಗಳ ಅರ್ಜಿ ಅಕ್ಟೋಬರ್–ಜನವರಿಯಲ್ಲೇ ಮುಗಿದಿರುತ್ತದೆ. ತಡವಾಗಿದ್ದರೆ ಹೆಸರು ಬರೆಸಿಟ್ಟು ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಫೋನ್ ಮಾಡುತ್ತಿರಿ. ವರ್ಗಾವಣೆಯಾದವರ ಸೀಟು ಖಾಲಿಯಾಗುವುದು ಆಗಲೇ.

ಪ್ರಶ್ನೆ: ಮಗ ಹುಟ್ಟಿದ್ದು 2020ರ ಸೆಪ್ಟೆಂಬರ್ 14. ಪುಣೆಯಲ್ಲಿ ಸೀನಿಯರ್ ಕೆಜಿ ಮುಗಿಸುತ್ತಿದ್ದಾನೆ. ಇಲ್ಲೇ ಇದ್ದರೆ 2026ರ ಜೂನ್‌ಗೆ ಒಂದನೇ ಕ್ಲಾಸ್. ಬೆಂಗಳೂರಿನ ಶಾಲೆಯವರು ವಯಸ್ಸು ಸಾಲದು ಎನ್ನುತ್ತಿದ್ದಾರೆ. ಯಾಕೆ ಹೀಗೆ?
– ಕನ್ನಡಿಗರು, ಪುಣೆ

ಉತ್ತರ: ಎರಡೂ ರಾಜ್ಯ ಕೇಳುವುದು ಆರು ವರ್ಷವನ್ನೇ, ಎಣಿಸುವ ದಿನ ಬೇರೆ. ಮಹಾರಾಷ್ಟ್ರ ಡಿಸೆಂಬರ್ 31ಕ್ಕೆ ಎಣಿಸುತ್ತದೆ, ಕರ್ನಾಟಕ ಜೂನ್ 1ಕ್ಕೆ. ನಿಮ್ಮ ಮಗನಿಗೆ 2026ರ ಜೂನ್ 1ಕ್ಕೆ 5 ವರ್ಷ 8 ತಿಂಗಳು ಚಿಲ್ಲರೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಈ ಮಿತಿಯನ್ನು 5 ವರ್ಷ 5 ತಿಂಗಳಿಗೆ ಇಳಿಸಿತ್ತು, ಆದರೆ 2025–26ನೇ ಸಾಲಿಗೆ ಮಾತ್ರ ಎಂದು. ಅದೇ ಸಡಿಲಿಕೆಯನ್ನು ನೆಚ್ಚಿಕೊಂಡು ಫೀ ಕಟ್ಟಬೇಡಿ. ನೀವು ಸೇರಿಸುವ ವರ್ಷದ ಸುತ್ತೋಲೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಕಚೇರಿಯಲ್ಲಿ ಕೇಳಿ ನೋಡಿ. ಎಲ್‌ಕೆಜಿಗೆ 4, ಯುಕೆಜಿಗೆ 5 ವರ್ಷ ತುಂಬಿರಬೇಕು, ಅದಕ್ಕೂ ಜೂನ್ 1ರ ಲೆಕ್ಕವೇ.

‘ಸೇರಿಸಿ, ಅಡ್ಜಸ್ಟ್ ಮಾಡೋಣ’ ಎನ್ನುವ ಶಾಲೆ ಸಿಕ್ಕೀತು. ಬೇಡ. ಮಗುವಿನ ಹುಟ್ಟಿದ ದಿನಾಂಕ ರಾಜ್ಯ ಸರ್ಕಾರ ವಿದ್ಯಾರ್ಥಿಗಳ ವಿವರ ಇಡುವ ಸ್ಯಾಟ್ಸ್ ದಾಖಲೆಗೆ ಹೋಗುತ್ತದೆ, ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೂ ಅದೇ ನಡೆಯುತ್ತದೆ. ಅಫಿಡವಿಟ್ ಮಾಡಿಸಿ ದಿನಾಂಕ ಹಿಂದಕ್ಕೆ ಹಾಕಿಸುವ ಯೋಚನೆಯನ್ನಂತೂ ಮಾಡಲೇಬೇಡಿ.

ಯುಕೆಜಿಯಲ್ಲಿ ಇನ್ನೊಂದು ವರ್ಷ ಕೂತರೆ ನಷ್ಟವೇನಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಒಂದನೇ ಕ್ಲಾಸಿನಿಂದಲೇ ಕನ್ನಡ ಕಲಿಯುವುದು ಕಡ್ಡಾಯ. ನಿಮ್ಮ ಹುಡುಗ ಮನೆಯಲ್ಲಿ ಕನ್ನಡ ಆಡುತ್ತಾನೆ, ಆದರೆ ಬರೆದು ಅಭ್ಯಾಸವಾಗಿರುವುದು ದೇವನಾಗರಿ. ಆ ಒಂದು ವರ್ಷದಲ್ಲಿ ಸ್ವರ, ವ್ಯಂಜನ, ಕಾಗುಣಿತ ನಿಧಾನವಾಗಿ ಕೈಗೆ ಹತ್ತುತ್ತವೆ.

ಪ್ರಶ್ನೆ: ಹೊರಮಾವು ಕಡೆ ಒಂದು ಹೊಸ ಶಾಲೆ. ಕಟ್ಟಡ ಬಹಳ ಚೆನ್ನಾಗಿದೆ, ಬೋರ್ಡಿನಲ್ಲಿ ಸಿಬಿಎಸ್‌ಇ ಎಂದಿದೆ. ಸೀಟು ಬೇಕಾದರೆ ಇವತ್ತೇ 25,000 ರೂಪಾಯಿ ಕಟ್ಟಿ ಎನ್ನುತ್ತಿದ್ದಾರೆ. ಕಟ್ಟಬಹುದೇ?
– ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಇವತ್ತು ಕಟ್ಟಬೇಡಿ. ಎರಡು ಸಂಖ್ಯೆ ಕೇಳಿ ಬನ್ನಿ: ಸರ್ಕಾರ ಪ್ರತಿ ಶಾಲೆಗೂ ಕೊಡುವ ಯುಡೈಸ್ ಕೋಡ್ ಮತ್ತು ಸಿಬಿಎಸ್‌ಇ ಅಫಿಲಿಯೇಷನ್ (ಸಂಯೋಜನೆ) ನಂಬರ್. ಇವೆರಡನ್ನೂ ಹೇಳಲು ಯಾವ ಶಾಲೆಗೂ ಅರ್ಧ ನಿಮಿಷ ಸಾಕು. ‘ಆಫೀಸಿನಲ್ಲಿದೆ, ಆಮೇಲೆ ಕಳಿಸುತ್ತೇವೆ’ ಎಂದರೆ ಅಲ್ಲೇ ಅನುಮಾನಪಡಿ.

ಯುಡೈಸ್ ಕೋಡ್ 11 ಅಂಕಿಗಳದ್ದು, ಕರ್ನಾಟಕದ ಶಾಲೆಯದಾದರೆ 29ರಿಂದ ಶುರುವಾಗುತ್ತದೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಶಾಲೆಯ ವಿವರ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಂ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ಯಾವ ತರಗತಿಯಿಂದ ಯಾವ ತರಗತಿಯವರೆಗೆ ಮಾನ್ಯತೆ, ಎಂದಿನವರೆಗೆ ಎಂಬುದು ಆ ಪ್ರಮಾಣಪತ್ರದಲ್ಲೇ ಇರುತ್ತದೆ. ಸಿಬಿಎಸ್‌ಇ ಸಂಯೋಜನೆಯನ್ನು ಮಂಡಳಿಯ ಸರಸ್ ಪೋರ್ಟಲ್‌ನಲ್ಲಿ ನೋಡಿ. ಅಲ್ಲಿ ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿ. ಒಂದೇ ಹೆಸರಿನ ಹತ್ತು ಶಾಖೆಗಳಿರುವ ಸಂಸ್ಥೆಗಳಲ್ಲಿ ಒಂದು ಶಾಖೆಗೆ ಸಿಕ್ಕ ಸಂಯೋಜನೆ ಇನ್ನೊಂದಕ್ಕೆ ಬರುವುದಿಲ್ಲ. ‘ಸಿಬಿಎಸ್‌ಇ ಪ್ಯಾಟರ್ನ್’, ‘ಸಿಬಿಎಸ್‌ಇ ಪಠ್ಯಕ್ರಮ ಆಧಾರಿತ’, ‘ಅಫಿಲಿಯೇಷನ್‌ಗೆ ಅರ್ಜಿ ಹಾಕಿದ್ದೇವೆ’ – ಮೂರೂ ಮಾತಿನ ಅರ್ಥ ಇನ್ನೂ ಸಿಕ್ಕಿಲ್ಲ ಎಂದೇ. ಸಿಗದೆಯೂ ಹೋಗಬಹುದು, ಆಗ ಮಕ್ಕಳು ಮಧ್ಯದಲ್ಲಿ ರಾಜ್ಯ ಪಠ್ಯಕ್ರಮಕ್ಕೆ ಬದಲಾಗಬೇಕಾಗುತ್ತದೆ.

ಹಾಗೆಂದು ಒಂದನೇ ಕ್ಲಾಸಿನ ಮಗುವಿಗೆ ಬೋರ್ಡೇ ದೊಡ್ಡದು ಎಂದು ನಾವು ಹೇಳುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಓದು ಕಲಿಸುವ ಟೀಚರ್ ಮುಖ್ಯ, ರಾಜ್ಯ ಪಠ್ಯಕ್ರಮದ ಒಳ್ಳೆಯ ಶಾಲೆ ಹತ್ತಿರದಲ್ಲಿದ್ದರೆ ಧೈರ್ಯವಾಗಿ ಸೇರಿಸಿ. ನಿಮ್ಮಂಥ ಬ್ಯಾಂಕಿನವರಿಗೆ ರಾಜ್ಯದಾಚೆಗೂ ವರ್ಗವಾಗುವ ಸಾಧ್ಯತೆ ಇದ್ದರೆ ಮಾತ್ರ ಸಿಬಿಎಸ್‌ಇಗೆ ಒಂದು ಹಿಡಿ ಹೆಚ್ಚು ತೂಕ.

ಇನ್ನು ದುಡ್ಡು. ಟ್ಯೂಷನ್ ಫೀ ಎಷ್ಟು ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಅಡ್ಮಿಷನ್, ಡೆವಲಪ್‌ಮೆಂಟ್, ಟರ್ಮ್ ಫೀ, ಪುಸ್ತಕ, ಯೂನಿಫಾರಂ, ಶೂ, ಬಸ್ಸು, ಸ್ಮಾರ್ಟ್‌ಕ್ಲಾಸ್ – ಎಲ್ಲ ಸೇರಿದ ಮೊದಲ ವರ್ಷದ ಮೊತ್ತ, ಎರಡನೇ ವರ್ಷದ ಮೊತ್ತ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಕಳೆದ ಮೂರು ವರ್ಷದಲ್ಲಿ ಎಷ್ಟೆಷ್ಟು ಏರಿಸಿದ್ದಾರೆ ಎಂದು ಅಲ್ಲಿನ ಪೋಷಕರನ್ನು ಕೇಳಿ. ಎಲ್‌ಕೆಜಿಗೆ 1,20,000 ರೂಪಾಯಿ ಇದ್ದು ವರ್ಷಕ್ಕೆ ಶೇ 10ರಂತೆ ಏರಿದರೆ ನಾಲ್ಕನೇ ಕ್ಲಾಸಿಗೆ ಸುಮಾರು 1,93,000 ಆಗುತ್ತದೆ. ನಿಮ್ಮ ಸಂಬಳ ಆ ವೇಗದಲ್ಲಿ ಏರುತ್ತದೆಯೇ ಎಂದು ಈಗಲೇ ಲೆಕ್ಕ ಹಾಕಿ. ಎರಡನೇ ಮಗು ಇದ್ದರೆ ಎರಡರಿಂದ ಗುಣಿಸಿ.

ಸೀಟು ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ, ಯಾವ ದಿನಾಂಕದೊಳಗೆ ಬಿಡಬೇಕು ಎಂಬುದು ಬರವಣಿಗೆಯಲ್ಲಿರಲಿ. ರಸೀದಿ ಇಲ್ಲದೆ ನಗದು ಕೇಳಿದರೆ ಅದು ಡೊನೇಷನ್. 1984ರ ಕರ್ನಾಟಕದ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯೂ ಶಿಕ್ಷಣ ಹಕ್ಕು ಕಾಯ್ದೆಯೂ ಅದನ್ನು ನಿಷೇಧಿಸಿವೆ. ರಸೀದಿಯಲ್ಲಿ ಟ್ಯೂಷನ್ ಫೀ ಬೇರೆ ಸಾಲಾಗಿ ಇರುವಂತೆ ನೋಡಿಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಆದಾಯ ತೆರಿಗೆ ವಿನಾಯಿತಿ ಸಿಗುವುದು ಆ ಸಾಲಿಗೆ ಮಾತ್ರ, ಡೆವಲಪ್‌ಮೆಂಟ್ ಫೀಗೆ ಇಲ್ಲ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಚೆನ್ನೈನಿಂದ ವರ್ಗವಾಗಿ ಬರುತ್ತಿದ್ದೇವೆ. ಮಗಳು ಎರಡನೇ ಕ್ಲಾಸ್. ವರ್ಷದ ಮಧ್ಯೆ ಸೇರಿಸಿಕೊಳ್ಳುತ್ತಾರೆಯೇ? ಏನೇನು ಕಾಗದ ಬೇಕು?
– ಓದುಗರು, ಚೆನ್ನೈ

ಉತ್ತರ: ಸೀಟು ಖಾಲಿಯಿದ್ದರೆ ಸೇರಿಸಿಕೊಳ್ಳುತ್ತಾರೆ. ದಸರಾ ರಜೆ ಮುಗಿದ ಮೇಲೆ ಸೇರಿಸಿದರೆ ಮಗುವಿಗೂ ಸರಾಗ. ಟಿಸಿ, ಕೊನೆಯ ಪ್ರೋಗ್ರೆಸ್ ರಿಪೋರ್ಟ್, ಜನನ ಪ್ರಮಾಣಪತ್ರ, ಮಗುವಿನ ಮತ್ತು ನಿಮ್ಮ ಆಧಾರ್, ಲಸಿಕೆ ಕಾರ್ಡ್, ಬಾಡಿಗೆ ಕರಾರು, ಫೋಟೋ ಇಟ್ಟುಕೊಳ್ಳಿ. ಹೊರರಾಜ್ಯದ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವ ಶಾಲೆಗಳಿವೆ. ಊರು ಬಿಡುವ ಮುಂಚೆಯೇ ಇಲ್ಲಿಯ ಶಾಲೆಗೆ ಫೋನ್ ಮಾಡಿ ತಿಳಿದುಕೊಳ್ಳಿ, ಇಲ್ಲವಾದರೆ ಒಂದು ಸಹಿಗಾಗಿ ಮತ್ತೆ ಚೆನ್ನೈ ರೈಲು ಹತ್ತಬೇಕಾಗುತ್ತದೆ.

ಕೆಲಸ ಸಿಕ್ಕಿಬೀಳುವುದು ಎರಡು ಕಡೆ. ಒಂದು, ಪೆನ್ ಎನ್ನುವ ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆ. ಹಳೆಯ ಶಾಲೆಯವರು ಯುಡೈಸ್ ಪ್ಲಸ್‌ನಲ್ಲಿ ಮಗುವನ್ನು ಬಿಡುಗಡೆ ಮಾಡದೆ ಹೊಸ ಶಾಲೆ ತನ್ನ ಪಟ್ಟಿಗೆ ತೆಗೆದುಕೊಳ್ಳಲು ಆಗುವುದಿಲ್ಲ. ಟಿಸಿ ಪಡೆಯುವ ದಿನವೇ ಅದನ್ನೂ ಮಾಡಿಸಿ, ಸಂಖ್ಯೆ ಬರೆದುಕೊಂಡು ಬನ್ನಿ. ಎರಡು, ಇನಿಷಿಯಲ್. ಜನನ ಪತ್ರದಲ್ಲಿ ಹೆಸರಿನ ಹಿಂದೆ ಒಂದಕ್ಷರ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಟಿಸಿಯಲ್ಲಿ ಇನಿಷಿಯಲ್ಲೇ ಇಲ್ಲ – ಹೀಗಿದ್ದರೆ ಮೂರನ್ನೂ ಒಂದೇ ರೀತಿ ಮಾಡಿಸಿ ಆಮೇಲೆ ಅರ್ಜಿ ಹಾಕಿ. ಮಗಳಿಗೆ ಐದು ತುಂಬಿದ ಮೇಲೆ ಆಧಾರ್‌ನಲ್ಲಿ ಬೆರಳಚ್ಚು ಕೊಟ್ಟಿಲ್ಲದಿದ್ದರೆ ಅದನ್ನೂ ಮುಗಿಸಿ, ಐದರಿಂದ ಏಳು ವರ್ಷದೊಳಗೆ ಇದು ಉಚಿತ.

ಪ್ರಶ್ನೆ: ಶಾಲೆ ನೋಡಲು ನಮಗೆ ಒಂದೇ ದಿನ ರಜೆ ಸಿಗುತ್ತದೆ. ಏನು ನೋಡಬೇಕು? ಅಪ್ಪ–ಅಮ್ಮನಿಗೂ ಇಂಟರ್‌ವ್ಯೂ ಮಾಡುತ್ತಾರಂತೆ, ನಮಗೆ ಇಂಗ್ಲಿಷ್ ಅಷ್ಟು ಸರಾಗವಾಗಿ ಬರುವುದಿಲ್ಲ.
– ದಂಪತಿ, ಹುಬ್ಬಳ್ಳಿ

ಉತ್ತರ: ಇಂಟರ್‌ವ್ಯೂ ವಿಷಯ ಮೊದಲು ಹೇಳುತ್ತೇವೆ. ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆ ಮಾಡಿ ಆರಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸಿದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ಆದರೆ ಕಾಯ್ದೆಯ ಪ್ರಕಾರ ಮಗು ಎಂದರೆ 6ರಿಂದ 14 ವರ್ಷದವರು, ಎಲ್‌ಕೆಜಿಯ ವಿಷಯದಲ್ಲಿ ಶಾಲೆಗಳು ಇದನ್ನೇ ನೆಪ ಮಾಡಿ ನುಣುಚಿಕೊಳ್ಳುತ್ತವೆ. ನೀವು ಕನ್ನಡದಲ್ಲೇ ಮಾತನಾಡಿ. ಅದಕ್ಕೆ ಮುಖ ಸಿಂಡರಿಸುವ ಶಾಲೆ ನಾಳೆ ನಿಮ್ಮ ಮಗುವಿನ ಕಷ್ಟವನ್ನು ನಿಮ್ಮಿಂದ ಕೇಳಿಸಿಕೊಳ್ಳುವುದೂ ಇಲ್ಲ.

ಒಂದೇ ದಿನವಾದರೆ ಶಾಲೆ ನಡೆಯುವ ದಿನವೇ ಹೋಗಿ. ಸ್ವಾಗತದ ಕೋಣೆ, ಈಜುಕೊಳ ಅವರೇ ತೋರಿಸುತ್ತಾರೆ. ನೀವಾಗಿ ಕೇಳಬೇಕಾದದ್ದು ಸಣ್ಣ ಮಕ್ಕಳ ಶೌಚಾಲಯ. ಒಳಗೆ ಹೋಗಿ ನಲ್ಲಿ ತಿರುಗಿಸಿ: ನೀರು ಬರುತ್ತದೆಯೇ? ಬೇಸಿನ್ ನಾಲ್ಕು ವರ್ಷದ ಮಗುವಿನ ಕೈಗೆ ಎಟುಕುತ್ತದೆಯೇ? ಸೋಪು ಇದೆಯೇ? ಬಾಗಿಲ ಚಿಲಕ ಹೊರಗಿನಿಂದಲೂ ತೆಗೆಯಲು ಬರುತ್ತದೆಯೇ? ಒಳಗೆ ಸಿಕ್ಕಿಹಾಕಿಕೊಂಡು ಅಳುವ ಮಗುವಿಗೆ ಇದು ಬಹಳ ದೊಡ್ಡ ವಿಷಯ. ಹೊರಗೆ ಆಯಾ ನಿಂತಿದ್ದಾರೆಯೇ, ಅವರು ಹೆಂಗಸೇ? ಶೌಚಾಲಯಕ್ಕೆ ಹೋಗಲು ಹೆದರಿ ಬೆಳಗ್ಗೆಯಿಂದ ನೀರೇ ಕುಡಿಯದ ಮಕ್ಕಳಿದ್ದಾರೆ.

ಆಮೇಲೆ ಒಂದನೇ ಕ್ಲಾಸಿನ ಎರಡು ಮೂರು ಮಕ್ಕಳ ನೋಟ್‌ಬುಕ್ ನೋಡಲು ಕೇಳಿ. ಎಲ್ಲ ಪುಸ್ತಕದಲ್ಲೂ ಒಂದೇ ಉತ್ತರ, ಒಂದೇ ಚಿತ್ರ, ತಪ್ಪೇ ಇಲ್ಲ ಎಂದರೆ ಬೋರ್ಡ್ ನೋಡಿ ನಕಲು ಮಾಡಿಸಿದ್ದಾರೆ. ಟೀಚರ್ ತಪ್ಪಿನ ಪಕ್ಕ ಸರಿಯಾದದ್ದನ್ನು ಬರೆದು, ಮಗು ಕೆಳಗೆ ಮತ್ತೆ ಬರೆದಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ. ದಿನಾಂಕಗಳನ್ನೂ ಗಮನಿಸಿ, ವಾರಗಟ್ಟಲೆ ಕರೆಕ್ಷನ್ ಇಲ್ಲದಿದ್ದರೆ ಗೊತ್ತಾಗಿಬಿಡುತ್ತದೆ. ಒಂದು ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳು, ಈ ವರ್ಷ ಎಷ್ಟು ಜನ ಟೀಚರ್ ಬಿಟ್ಟುಹೋದರು ಎಂದು ಕೇಳಿ. ವರ್ಷದ ನಡುವೆ ಮೂರು ಸಲ ಕ್ಲಾಸ್ ಟೀಚರ್ ಬದಲಾದರೆ ಹೊಸ ಊರಿನ ಮಗು ಕುಗ್ಗಿಹೋಗುತ್ತದೆ.

ಕೊನೆಗೆ ಗೇಟಿನ ಹೊರಗೆ, ಶಾಲೆ ಬಿಡುವುದಕ್ಕೆ ಹತ್ತು ನಿಮಿಷ ಮುಂಚೆ ನಿಂತುಕೊಳ್ಳಿ. ಕರೆದೊಯ್ಯಲು ಬಂದವರ ಕಾರ್ಡ್ ನೋಡಿ ಮಗುವನ್ನು ಕೈಗೆ ಕೊಡುತ್ತಾರೋ, ಗೇಟು ತೆರೆದು ಸುಮ್ಮನೆ ಬಿಟ್ಟುಬಿಡುತ್ತಾರೋ ನೋಡಿ. ಅಲ್ಲಿ ಕಾಯುತ್ತಿರುವ ಅಮ್ಮಂದಿರನ್ನೋ ಅಜ್ಜಂದಿರನ್ನೋ ಮಾತನಾಡಿಸಿ, ‘ಮುಂದಿನ ವರ್ಷವೂ ಇಲ್ಲೇ ಇರಿಸುತ್ತೀರಾ?’ ಎಂದು ಕೇಳಿ. ಮೂವರನ್ನು ಕೇಳಿ, ಒಬ್ಬರನ್ನಲ್ಲ.